ಹೊಸ ಡೇಟಾಬೇಸಿಗೆ ಹೋಗಲೊಲ್ಲದ ಕಸಬರಿಗಿ

ನಮ್ಮವ್ವನಾಣೆ, ಇದರೊಳಗಿನ ಪ್ರತಿ ಮಾತೂ ಖರೆ. ಡೇಟಾಬೇಸ್ ಬದಲಿಸುವುದರಲ್ಲಿ ಜಮಖಂಡಿಯಿಂದ ಬೀಳಗಿವರೆಗೆ ನನ್ನ ಸರಿಸಮ ಯಾರೂ ಇಲ್ಲ. ಅದಕ್ಕೇ ಬನಹಟ್ಟಿಯ ಸಾವಕಾರರೊಬ್ಬರು ನನ್ನನ್ನೇ ಕರೆಸಿದರು. ಯಾವ ಮಗ್ಗದಲ್ಲಿ ಯಾರ ಸೀರೆ, ಯಾವ ಕೆಲಸ ಬಾಕಿ ಎಂಬುದೆಲ್ಲ ಅವರ ಹಳೆಯ ಕಂಪ್ಯೂಟರಿನಲ್ಲಿತ್ತು. ಅದನ್ನು ಹೊಸ ಡೇಟಾಬೇಸಿಗೆ ಸಾಗಿಸುವವರೆಗೆ ಮಗ್ಗಗಳೆಲ್ಲ ಬಂದ್.

ಎಲ್ಲ ಸರಸರ ಹೋಯಿತು, ಒಂದು ಸಾಲು ಮಾತ್ರ ಹೋಗಲೊಲ್ಲದು. ಅದು ಹೋಗದೆ ಹೊಸದು ಶುರುವಾಗದು. ಅವತ್ತಿನ ಕೂಲಿ ಹೋಗುವ ಚಿಂತೆಯಲ್ಲಿ ನೇಕಾರರು ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದರು.

"ಏನೈತಪಾ ಆ ಸಾಲಿನ್ಯಾಗ?" ಎಂದರು ಸಾವಕಾರರ ತಾಯಿ.

"ಕಸಬರಿಗಿ ಬದಲಿ ಮಾಡೋದು ಬಾಕಿ ಅಂತ ಐತ್ರಿ, ಅವ್ವಾರ."

"ಹಳಿ ಕಸಬರಿಗಿ ಯಾರರ ಹೊಸ ಮನಿಗೆ ಒಯ್ತಾರೇನೋ ತಮ್ಮಾ? ಅದು ಹೆಂಗ ಒಳಗ ಹೊಕ್ಕೀತು?"

ಅವ್ವಾರು ಪೇಟೆಯಿಂದ ಹೊಸ ಕಸಬರಿಗಿ ತರಿಸಿ, ಹಳೆಯದನ್ನು ಹೊರಗೆ ಬಿಸಾಡಿಸಿದರು. ನಾನು ಆ ಕೆಲಸ ಮುಗಿದಿದೆ ಎಂದು ಕಂಪ್ಯೂಟರಿನಲ್ಲಿ ಒತ್ತಿದೆ. ಸಾಲು ಸರ್ರನೆ ಒಳಗೆ ಹೋಯಿತು, ಮಗ್ಗಗಳು ಗಡಗಡಿಸಿದವು.

"ಖರೆ ಏನಾಗಿತ್ರಿ?" ಎಂದು ಸಾವಕಾರರು ನನ್ನ ಕಿವಿಯಲ್ಲಿ ಕೇಳಿದರು.

"ಆ ಸಾಲಿನ್ಯಾಗ ತಾರೀಖು ತಪ್ಪು ಬಿದ್ದಿತ್ರಿ," ಎಂದೆ ಗಂಭೀರವಾಗಿ.

ಇಷ್ಟೆಲ್ಲದರಲ್ಲಿ ನಾನು ಸುಳ್ಳು ಕಟ್ಟಿ ಹೇಳಿದ್ದು ಆ ತಾರೀಖಿನ ಮಾತೊಂದೇ.