ಬಲಗಡೆಯ ಮನೆ ಮೊದಲು

ಶನಿವಾರ, ಬೆಳಗ್ಗೆ ಏಳೂವರೆ. ದೀಪಾವಳಿ ಸೂಟಿ ಮುಗಿದು ಸಾಲೆ ತೆರೆದ ವಾರ. ಹಾಜರಿದ್ದವರು: ನಾನು, ಎಲ್ಲರೂ ಬಾಯಾರು ಅನ್ನುವ ಮರಾಠಿ ಮನೆಮಾತಿನ ಕಿರಿಯ ಶಿಕ್ಷಕಿ, ನಾಲ್ಕನೇ ತರಗತಿಯ ಒಬ್ಬ ಹುಡುಗಿ, ಅವಳ ತಾಯಿ. ಉಳಿದ ಮಕ್ಕಳನ್ನು ಹೆಡ್‌ಮಾಸ್ತರರು ಅಂಗಳದಲ್ಲಿ ಕವಾಯತಿಗೆ ನಿಲ್ಲಿಸಿದ್ದರು.

ನಾನು ನಿವೃತ್ತನಾಗಿದ್ದೇನೆ. ಮರಾಠಿ ಸೀಮೆಯ ಗಡಿಯಲ್ಲಿರುವ ನಮ್ಮ ಕನ್ನಡ ಸಾಲೆಗೆ ಕನ್ನಡದಲ್ಲಿ ಗಣಿತ ಕಲಿಸುವವರು ಬರುವುದು ಕಡಿಮೆ, ಅದಕ್ಕೆ ಗಣಿತದ ತಾಸಿಗೆ ಈಗಲೂ ಹೋಗುತ್ತೇನೆ. ಟಾಚಣ ಬರೆಯದೆ ಎಂದೂ ಹೋಗಿಲ್ಲ. ಟಾಚಣವೆಂದರೆ ಪಾಠದ ಯೋಜನೆ. ಮಾತು ಮರಾಠಿಯದು, ಇಲ್ಲಿಯ ಕನ್ನಡ ಮಾಸ್ತರರೂ ಹಾಗೇ ಅನ್ನುತ್ತೇವೆ.

ಹುಡುಗಿಯ ತಂದೆಗೆ ಸಾಂಗಲಿ ಕಡೆ, ಮಣೂಕ, ಅಂದರೆ ಒಣದ್ರಾಕ್ಷಿ, ಇಡುವ ಕೋಲ್ಡ್ ಸ್ಟೋರೇಜಿನಲ್ಲಿ ಕೆಲಸ ಸಿಕ್ಕಿತ್ತು. ಅಲ್ಲಿರುವುದು ಮರಾಠಿ ಸಾಲೆ. ಸೇರಿಸಿಕೊಳ್ಳುವ ಮೊದಲು ಒಂದಿಷ್ಟು ಅಂಕಿ ಹೇಳಿ ಬರೆಸಿದ್ದಾರೆ. ಹೆಚ್ಚಿನವು ತಪ್ಪಾಗಿವೆ.

"ಈಕಿನ್ನ ಎರಡನೇತ್ತದಾಗ ಕುಂದ್ರಸ್ತೀವಿ ಅಂತಾರ್ರಿ ಗುರೂಜಿ," ಎಂದಳು ತಾಯಿ. "ಸೋಮವಾರ ಇನ್ನೊಂದ ಸಲ ಬರಸಿ ನೋಡ್ತಾರಂತ. ಸಣ್ಣ ಹುಡುಗೂರ ಜೋಡಿ ಕುಂತ್ರ ಈಕಿ ಸಾಲಿ ಬಿಡ್ತಾಳ್ರಿ. ಇವರಪ್ಪಗೂ ಅದ ಬೇಕಾಗೇತಿ. ಮನ್ಯಾಗ ಕೂಸ ಐತಿ, ಆಡಸ್ಕೋತ ಇರಲಿ ಅಂತಾನ."

ನನಗೆ ನಂಬಿಕೆಯಾಗಲಿಲ್ಲ. ಕೈಯಲ್ಲಿ ದಶಕ ಹಿಡಿದು ಕೂಡಿಸುವಾಗ ಈ ಹುಡುಗಿ ಒಮ್ಮೆಯೂ ತಪ್ಪಿದವಳಲ್ಲ. ಬಾಯಾರಿಗೆ ಮರಾಠಿಯಲ್ಲಿ ಒಂದು ಸಂಖ್ಯೆ ಹೇಳಿರೆಂದೆ. ಅವರು "ತೇವೀಸ" ಎಂದರು, ಅಂದರೆ ಇಪ್ಪತ್ತಮೂರು; ತೇ ಎಂದರೆ ಮೂರು, ವೀಸ ಎಂದರೆ ಇಪ್ಪತ್ತು. ಹುಡುಗಿ ಹಲಗೆಯ ಮೇಲೆ ಮೂವತ್ತೆರಡು ಬರೆದಳು.

"ಹಿಂಗ್ಯಾಕ ಬರದಿ?" ಎಂದೆ.

"ಬಾಯಾರು ಮೂರ ಮೊದಲ ಅಂದ್ರರಿ. ನಾ ಮೂರ ಮೊದಲ ಬರದೆ."

ಬಾಯಾರು ನಕ್ಕರು. "ನಂದು ಇದರ ಉಲ್ಟಾ ಆಗಿತ್ರಿ ಗುರೂಜಿ. ಈ ಸಾಲಿಗಿ ಬಂದ ಹೊಸದಾಗಿ ಹಾಜರಿ ಹೇಳಾಕ ಹೋಗಿ, ಇಪ್ಪತ್ಮೂರ ಅನ್ನೂದಕ್ಕ ಮೂವತ್ತೆರಡ ಅಂದಿದ್ದೆ. ಹುಡುಗೂರು ಇನ್ನೂ ಕಾಡಸ್ತಾವ."

ಹುಡುಗಿಯೂ ನಕ್ಕಳು. ತಾಯಿ ನಗಲಿಲ್ಲ.

ಇದು ಅಂಕಿ ಬರದವಳ ತಪ್ಪಲ್ಲ, ನಮ್ಮ ಗಡಿಯ ಮಕ್ಕಳಷ್ಟೇ ಮಾಡುವ ತಪ್ಪು. ಕನ್ನಡದಲ್ಲಿ ಇಪ್ಪತ್ತು ಮೊದಲು, ಮೂರು ಆಮೇಲೆ. ಬಾಯಿ ಹೋದ ಹಾಗೆ ಕೈ ಹೋಗುತ್ತದೆ. ಮರಾಠಿಯಲ್ಲಿ ಬಿಡಿ ಮೊದಲು, ಹತ್ತು ಆಮೇಲೆ. ಸಂತೆಯಲ್ಲಿ ಈ ಮಕ್ಕಳು ಮರಾಠಿ ಸಂಖ್ಯೆ ಬೇಕಾದಷ್ಟು ಕೇಳಿರುತ್ತಾರೆ, ಬರೆದಿರುವುದಿಲ್ಲ.

ಟಾಚಣಕ್ಕೆ ಕುಳಿತೆ. ಉದ್ದೇಶ: ಮರಾಠಿಯಲ್ಲಿ ಕೇಳಿದ್ದನ್ನು ಅಂಕಿಯಲ್ಲಿ ಬರೆಯುವುದು. ಸಾಮಗ್ರಿ: ಜೋಳದ ದಂಟಿನ ಕಡ್ಡಿಗಳು, ಹತ್ತತ್ತರ ಕಟ್ಟು, ಕೆಲವು ಬಿಡಿ. ಪೂರ್ವಜ್ಞಾನ ಎಂಬಲ್ಲಿ ಪೆನ್ನು ನಿಂತಿತು. ಅಲ್ಲಿ, ಮಗುವಿಗೆ ಈಗಾಗಲೇ ಏನು ಗೊತ್ತಿದೆಯೋ ಅದನ್ನು ಬರೆಯಬೇಕು. ಪಾಠ ಅದರ ಮೇಲೆ ನಿಲ್ಲಬೇಕು. ಈ ಹುಡುಗಿಗೆ ಗೊತ್ತಿರುವುದೇ ಇಂದು ಅಡ್ಡಿ. ಆ ಜಾಗ ಖಾಲಿ ಬಿಟ್ಟೆ. ಹಾಗೆ ಬಿಟ್ಟದ್ದು ಅದೊಂದೇ ಸಲ.

ಹಲಗೆಯ ಮೇಲೆ ಎರಡು ಮನೆ ಬರೆದೆ. ಬಲಕ್ಕೆ ಬಿಡಿಯ ಮನೆ, ಎಡಕ್ಕೆ ಹತ್ತರ ಮನೆ. ಕಿವಿಗೆ ಮೊದಲು ಬಿದ್ದದ್ದು ಬಲಗಡೆಯ ಮನೆಗೆ, ಆಮೇಲೆ ಬಿದ್ದದ್ದು ಎಡಗಡೆಗೆ. ಬಾಯಾರು ಹೇಳುತ್ತ ಹೋದರು. ಹುಡುಗಿ ಮೊದಲು ಬಿಡಿ ಕಡ್ಡಿ ಬಲಕ್ಕೆ ಇಡುವಳು, ನಂತರ ಕಟ್ಟು ಎಡಕ್ಕೆ, ಕೊನೆಗೆ ಅಂಕಿ. ಸ್ವಲ್ಪ ಹೊತ್ತಿಗೆ ಕಡ್ಡಿ ತೆಗೆದೆ. ಆಮೇಲೆ ಮನೆಗಳನ್ನೂ ಅಳಿಸಿದೆ. ನಲವತ್ತೈದಕ್ಕೆ ಪಂಚೇಚಾಳೀಸ ಎಂದರೆ ಬಲಗಡೆ ಐದು ಬರೆದು, ಎಡಕ್ಕೆ ಜಾಗ ಹಿಡಿದು ನಾಲ್ಕು ಬರೆದಳು. ಬಲದಿಂದ ಎಡಕ್ಕೆ ಬರೆಯುವ ಆ ಕೈಯನ್ನು ತಾಯಿ ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ನಡುವಿನ ಸೂಟಿಯಲ್ಲೂ ಹುಡುಗಿ ಏಳಲಿಲ್ಲ.

"ಈಗ ತಪ್ಪಾಂಗಿಲ್ಲ ಈಕಿ," ಎಂದರು ಬಾಯಾರು.

ನಾನು ಪಾಠವನ್ನು ಎಂದೂ ಮೌಲ್ಯಮಾಪನವಿಲ್ಲದೆ ಮುಗಿಸುವುದಿಲ್ಲ. ಮೊದಲು ಬರುತ್ತಿದ್ದದ್ದು ಈಗಲೂ ಬರುತ್ತದೆಯೇ ಎಂದು ನೋಡುವುದೂ ಅದರಲ್ಲಿ ಸೇರಿದೆ. ಹಾಗಾಗಿ ಕನ್ನಡದಲ್ಲಿ ಹೇಳಿದೆ: "ಐವತ್ನಾಲ್ಕು."

ಹುಡುಗಿ ತಡವರಿಸಲಿಲ್ಲ. ಬಲಗಡೆ ಐದು ಬರೆದಳು, ಎಡಗಡೆ ನಾಲ್ಕು. ನಲವತ್ತೈದು ಆಗಿತ್ತು.

"ಬರೋಬ್ಬರಿ ಐತಿಲ್ರಿ ಗುರೂಜಿ?"

ಒಂದನೇ ತರಗತಿಯಲ್ಲಿ ಇದೇ ಕೊಠಡಿಯಲ್ಲಿ, ನನ್ನ ಕೈಯಿಂದಲೇ ಅವಳು ಕಲಿತದ್ದು ಅದು, ಕನ್ನಡ ಕೇಳಿ ಅಂಕಿ ಬರೆಯುವುದು. ಆಗ ಕಲಿಸಲು ಇಡೀ ಮಳೆಗಾಲ ಹಿಡಿದಿತ್ತು. ಕನ್ನಡಕ್ಕೆ ಎಡಗಡೆ ಮೊದಲು, ಮರಾಠಿಗೆ ಬಲಗಡೆ ಮೊದಲು ಎಂದು ಎರಡನ್ನೂ ಬೇರೆ ಬೇರೆ ಇಟ್ಟುಕೊಳ್ಳುವುದು ಈ ಮಗುವಿಗೆ ಸಾಧ್ಯ. ನನಗೆ ಒಂದು ತಿಂಗಳು ಕೊಟ್ಟರೆ. ಇಂದೇ ಹೇಳಿದರೆ ಎರಡೂ ಕಲಸಿಹೋಗುತ್ತವೆ, ಸೋಮವಾರ ಮತ್ತೆ ತಪ್ಪುತ್ತಾಳೆ. ಆ ಸಾಲೆಯಲ್ಲಿ ಯಾರೂ ಐವತ್ನಾಲ್ಕು ಎಂದು ಕೇಳುವುದಿಲ್ಲ.

"ಐತಿ," ಎಂದೆ.

ಬಾಯಾರು ನನ್ನ ಮುಖ ನೋಡಿದರು. ಹಲಗೆ ನೋಡಿದರು.

"ಪಾಸ್ ಆಗ್ತಾಳಲ್ರಿ?" ಎಂದಳು ತಾಯಿ.

"ಆಗ್ತಾಳವ್ವ. ನಾಲ್ಕನೇತ್ತದಾಗನ ಕುಂದ್ರತಾಳ."

ತಾಯಿ ಸೆರಗಿನಿಂದ ಮಗಳ ಕೈಯ ಸೀಮೆಸುಣ್ಣದ ಪುಡಿ ಒರೆಸಿದಳು. "ಗುರೂಜಿ ಕಾಲಿಗಿ ಬೀಳು, ಲಗೂನ. ಜೀಪ್ ಹೊಂಟೀತು." ಹುಡುಗಿ ನಮಸ್ಕರಿಸಿ, ಅಂಗಳಕ್ಕೆ ಇಳಿಯುತ್ತ ಗಾಳಿಯಲ್ಲಿ ಬೆರಳಿನಿಂದ ಬರೆಯುತ್ತಿದ್ದಳು. ಬಲಗಡೆ ಮೊದಲು, ಎಡಗಡೆ ಆಮೇಲೆ. ಉಟಗಿ ದಾರಿಯ ಜೀಪು ಅವರಿಬ್ಬರನ್ನು ಹತ್ತಿಸಿಕೊಂಡು ಹೋಯಿತು.

ಬಾಯಾರು ಆಗ ಕೇಳಿದರು: "ತಿದ್ದಲಿಲ್ಲಲ್ರಿ ನೀವು?"

"ಇಲ್ರಿ," ಎಂದೆ.

"ನಾನಾದ್ರೂ ತಿದ್ದತಿದ್ದಿಲ್ಲ ಬಿಡ್ರಿ," ಎಂದು ಅವರು ಕಡ್ಡಿಗಳನ್ನು ಆರಿಸಿ ಕಟ್ಟತೊಡಗಿದರು.

ಶನಿವಾರ ಸಾಲೆ ಬೇಗ ಬಿಡುತ್ತದೆ. ಮಕ್ಕಳು ಹೋದ ಮೇಲೆ ನಾನು ಸೋಮವಾರದ ಟಾಚಣ ಬರೆದೆ. ಮೊದಲು ಬಾಯಿಲೆಕ್ಕ. ಮಧ್ಯದಲ್ಲಿ ನಿಂತು ಎಲ್ಲರಿಗೂ ಲೆಕ್ಕ ಹೇಳುವ ಕೆಲಸ ಆ ಹುಡುಗಿಯದಾಗಿತ್ತು. ಅಲ್ಲಿ ಇನ್ನೊಬ್ಬಳ ಹೆಸರು ಬರೆದು, ಪೂರ್ವಜ್ಞಾನದ ಜಾಗವನ್ನು ಎಂದಿನಂತೆ ತುಂಬಿ, ಹಲಗೆ ಒರೆಸಿ, ಬಾಗಿಲಿಗೆ ಕೀಲಿ ಹಾಕಿದೆ.