ಬೇವಿನ ಮರದ ಈಚೆಗೆ

ನನ್ನ ತಮ್ಮ ಕೆಂಪರಾಜುಗೆ ಮಾತು ಕಮ್ಮಿ. ಅವನ ಪಾಲಿನದ್ದನ್ನೂ ಸೇರಿಸಿ ನಾನೇ ಆಡುತ್ತೇನೆ ಎಂದು ಅಮ್ಮ ರೇಗಿಸುತ್ತಾಳೆ. ರೇಗಿಸಲಿ ಬಿಡಿ. ಅವನ ಬಗ್ಗೆ ನಾನಲ್ಲದೆ ಇನ್ನು ಯಾರು ಹೇಳಬೇಕು? ಚಿಂತಾಮಣಿಯ ಬಸ್‌ಸ್ಟ್ಯಾಂಡ್ ಹತ್ತಿರ ಅವನದೊಂದು ಅಂಗಡಿಯಿದೆ. ಮುಂದೆ ಜೆರಾಕ್ಸ್ ಮೆಷೀನು, ಹಿಂದೆ ನೀಲಿ ಪರದೆ ಕಟ್ಟಿ ಪಾಸ್‌ಪೋರ್ಟ್ ಸೈಜಿನ ಫೋಟೋ ತೆಗೆಯುವ ಜಾಗ. ಮುಹೂರ್ತಗಳಿರುವ ತಿಂಗಳಲ್ಲಿ ಮದುವೆ ಮನೆ ಕೆಲಸ. ಅವನಿಗೆ ಗೊತ್ತಿರುವುದು ಇಷ್ಟೇ ಎಂದುಕೊಂಡವರು ನಮ್ಮೂರಲ್ಲಿ ಬಹಳ ಜನ ಇದ್ದರು.

ಭಾನುವಾರ ಬಂತೆಂದರೆ ಅವನು ಬೈಕು ಹತ್ತಿ ಮಾಯ. ಶಿಡ್ಲಘಟ್ಟದಲ್ಲಿ ರೇಷ್ಮೆಗೂಡಿನ ರಾಶಿಗೆ ಕೈಹಾಕಿ ಮೂಸುವಷ್ಟು ಹತ್ತಿರದಿಂದ ನೋಡುವ ವ್ಯಾಪಾರಿಗಳು, ಕಳವಾರದಿಂದ ಕಾಣುವ ಸ್ಕಂದಗಿರಿಯ ಮೋಡ, ಗೌರಿಬಿದನೂರಿನ ಸಂತೆಬೀದಿ, ಇಂಥವನ್ನೆಲ್ಲ ತೆಗೆದುಕೊಂಡು ಬರುತ್ತಾನೆ. ದುಡ್ಡು ಕೊಡುವವರು ಯಾರೂ ಇಲ್ಲ. "ಯಾರಿಗೋ ಇವೆಲ್ಲ?" ಎಂದರೆ "ಸುಮ್ನೆ ಅಕ್ಕ" ಅನ್ನುತ್ತಾನೆ. ಕ್ಯಾಮೆರಾ ಸೆಕೆಂಡ್ ಹ್ಯಾಂಡು, ಅದರ ಜೊತೆಗೇ ಬಂದ ಒಂದು ಲೆನ್ಸು. ಆ ಲೆನ್ಸಿನ ಮೇಲೆ ಅವನದು ಒಂದೇ ದೂರು. "ಗೂಡಿನ ಮಾರ್ಕೆಟ್ಟಲ್ಲಿ ಹಿಂದಕ್ಕೆ ಹೋಗಣ ಅಂದ್ರೆ ಗೋಡೆ, ಪಕ್ಕಕ್ಕೆ ಹೋಗಣ ಅಂದ್ರೆ ಯಾರ್ದೋ ಕಾಲು. ಅಗಲ ಸಾಲಲ್ಲ ಅಕ್ಕ."

ಅಗಲ ಸಾಲದ ಸಂಕಟ ನಮ್ಮ ಮನೆಗೆ ಹೊಸದಲ್ಲ. ಅಂಬಾಜಿದುರ್ಗದ ತಪ್ಪಲಿನ ನಮ್ಮೂರಿನ ಪಂಚಾಯ್ತಿ ಕಚೇರಿಯಲ್ಲಿ ಊರಿನದೇ ಒಂದು ದೊಡ್ಡ ಫೋಟೋ ಇತ್ತು. ದೇವಸ್ಥಾನ, ಅರಳಿಕಟ್ಟೆ, ಹಿಂದೆ ಬೆಟ್ಟ, ಎಲ್ಲ ಇದ್ದವು. ಎಡಗಡೆಗೆ ಒಂದು ಬೇವಿನ ಮರ ಬಂದು ಅಲ್ಲಿಗೆ ಫೋಟೋ ಮುಗಿಯುತ್ತಿತ್ತು. ಬೇವಿನ ಮರದಿಂದ ಈಚೆಗಿರುವುದೇ ನಮ್ಮ ಕಾಲೊನಿ. ಇನ್ನೊಂದು ಚೆಂದ ಕೇಳಿ. ಇಡೀ ಊರು ಕಾಣುವ ಜಾಗ ಒಂದೇ, ನಮ್ಮ ಮನೆಯ ಮುಂದಿನ ಅಂಗಳಕ್ಕೆ ಹೊಂದಿಕೊಂಡಿರುವ ಬಂಡೆಗುಂಡು. ಆ ಫೋಟೋದವನು ನಮ್ಮ ಅಂಗಳದಿಂದಲೇ ಗುಂಡು ಹತ್ತಿ, ನಮ್ಮನ್ನೇ ಬಿಟ್ಟು, ಊರನ್ನು ತೆಗೆದುಕೊಂಡು ಹೋಗಿದ್ದ!

ನಮ್ಮಮ್ಮ ಪೆದ್ದಮ್ಮ ಒಂದು ಅವಧಿಗೆ ಪಂಚಾಯ್ತಿ ಮೆಂಬರಾಗಿದ್ದಳು. ಪ್ರತಿ ಮೀಟಿಂಗಿನಲ್ಲೂ ಆ ಫೋಟೋ ಎದುರಿಗೇ ಅವಳ ಕುರ್ಚಿ. ಒಂದು ದಿನ ಮನೆಗೆ ಬಂದು ಚಪ್ಪಲಿ ಬಿಡುತ್ತಲೇ ಅಂದಳು: "ಊರು ಬೇವಿನ ಮರಕ್ಕೇ ಮುಗ್ದೋಗೈತೆ. ಅಲ್ಲಿ ಕುಂತಿರೋ ನಾನು ಯಾವೂರೋಳು?" ನಾನು ಹೈಸ್ಕೂಲಿನಲ್ಲಿ ಗಣಿತ ಹೇಳುವವಳು, ಮಕ್ಕಳ ಎಂಥ ಪ್ರಶ್ನೆಗೂ ಉತ್ತರ ಕೊಡುತ್ತೇನೆ. ಅವಳಿಗೆ ಮಾತ್ರ ಒಂದು ಲೋಟ ನೀರು ತಂದುಕೊಟ್ಟೆ. ಕೆಂಪರಾಜು ಅಲ್ಲೇ ಮೂಲೆಯಲ್ಲಿ ಕ್ಯಾಮೆರಾ ಒರೆಸುತ್ತಾ ಕೇಳಿಸಿಕೊಂಡ.

ಈಚೆಗೆ ಪಂಚಾಯ್ತಿಗೆ ಹೊಸ ಕಟ್ಟಡವಾಯಿತು. ಈಗಿನ ಅಧ್ಯಕ್ಷೆ ವೆಂಕಟರತ್ನಮ್ಮನವರು ಹಳೆಯ ಫೋಟೋ ಗೆದ್ದಲು ಹಿಡಿದಿದೆಯೆಂದು ಕೆಂಪರಾಜುವನ್ನು ಕರೆಸಿದರು. "ಹೊಸ ಗೋಡೆಗೆ ಹೊಸ ಫೋಟೋ ಬೇಕು ಕಣಪ್ಪ. ಗೋಡೆಯಷ್ಟು ದೊಡ್ಡದಿರ್ಲಿ. ಜನಾನೂ ಇರ್ಲಿ, ಬೆಟ್ಟಾನೂ ಇರ್ಲಿ." ಇವನು ತಲೆಯಾಡಿಸಿ ಬಂದ. ಆ ರಾತ್ರಿ ಊಟಕ್ಕೆ ಕೂತಾಗ ಹೇಳಿದ್ದು ಒಂದೇ ಮಾತು. "ಅಮ್ಮ, ಈ ಸಲ ನಮ್ಮ ಬಾಗ್ಲು ಬರ್ತದೆ."

ಹೇಳುವುದೇನೋ ಸುಲಭ. ಗುಂಡಿನ ಮೇಲೆ ನಿಂತು ಅವನ ಲೆನ್ಸಿನಲ್ಲಿ ನೋಡಿದರೆ ಊರು ಬಂದರೆ ನಾವಿಲ್ಲ, ನಾವು ಬಂದರೆ ಊರಿಲ್ಲ. ಹಿಂದಕ್ಕೆ ಸರಿಯೋಣವೆಂದರೆ ಹಳೇ ಕಲ್ಲು ಕ್ವಾರಿಯ ಹಳ್ಳ. ಅಂಗಡಿಗೆ ಬಂದವರೆಲ್ಲ ಒಂದೊಂದು ಉಪಾಯ ಹೇಳಿದರು. ಮೊಬೈಲಿನಲ್ಲೇ ಅಗಲಕ್ಕೆ ಬರುತ್ತದಲ್ಲ ಅಂದರು. ಬಂತು, ಆದರೆ ಗೋಡೆಯಷ್ಟು ದೊಡ್ಡದು ಮಾಡಿದರೆ ಜನರ ಮುಖಗಳು ಕಲಸಿದ ಮುದ್ದೆ. ಡ್ರೋನು ಹಾರಿಸು ಅಂದರು. "ಅದ್ರಾಗೆ ಸೂರು ಕಾಣ್ತದೆ, ಬಾಗ್ಲು ಕಾಣಲ್ಲ" ಅಂದ. ಬಾಗಿಲು ಬೇಕು ಅವನಿಗೆ, ಬಾಗಿಲಲ್ಲಿ ನಿಂತ ಮನುಷ್ಯರು ಬೇಕು.

ಆಮೇಲೆ ಲೆನ್ಸು ಹುಡುಕಾಟ ಶುರುವಾಯಿತು. ಬೆಂಗಳೂರಿನ ಅಂಗಡಿಯೊಂದರಲ್ಲಿ ಮಂದ ಬೆಳಕಿನಲ್ಲೂ ಕೆಲಸ ಮಾಡುವ, ಕಬ್ಬಿಣದ ಗುಂಡಿನಷ್ಟು ಭಾರದ ಲೆನ್ಸೊಂದನ್ನು ನೋಡಿ ಬಂದು ಎರಡು ದಿನ ಮಂಕಾಗಿ ಕೂತ. ಬೆಲೆ ಕೇಳಿ ನನಗೆ ಪಿತ್ತ ನೆತ್ತಿಗೇರಿತು. "ಆ ದುಡ್ಡಿಗೆ ಸೀಮೆಹಸು ಬರ್ತದೆ ಕಣೋ! ಹಸು ಹಾಲು ಕೊಡ್ತದೆ, ಕರು ಹಾಕ್ತದೆ. ನಿನ್ನ ಲೆನ್ಸು ಕರು ಹಾಕ್ತದಾ?" ಅಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಅವನೂ ನಕ್ಕ. ಆ ಲೆನ್ಸಿನ ಮಾತು ಅಲ್ಲಿಗೆ ಮುಗಿಯಿತು.

ಅವನಿಗೆ ಕೆಲಸ ಕಲಿಸಿದ ಸ್ಟುಡಿಯೋದ ಸುನೀಲ್‌ಕುಮಾರ್ ತಮ್ಮದೊಂದು ಹದಿನಾಲ್ಕರ ಲೆನ್ಸನ್ನು ನೋಡಲು ಕೊಟ್ಟರು. ಈ ಲೆನ್ಸುಗಳಲ್ಲಿ ನಂಬರು ಕಮ್ಮಿಯಾದಷ್ಟೂ ನೋಟ ಅಗಲ. "ಹದಿನಾಲ್ಕು ಅಂದ್ರೆ ಸಾಕೋ ಸಾಕು, ಇಡೀ ತಾಲ್ಲೂಕೇ ಬಂದ್ಬಿಡ್ತದೆ" ಅಂದರಂತೆ. ಕೈಯಲ್ಲೇ ತಿರುಗಿಸಿ ಫೋಕಸ್ ಮಾಡಬೇಕಾದ ಲೆನ್ಸು, ಬೆಲೆಯೂ ಕಮ್ಮಿ. ಗುಂಡು ಹತ್ತಿ ನೋಡಿದರೆ ಕಾಲೊನಿಯೇನೋ ಬಂತು, ಕಡೆಯ ಮನೆ ಅರ್ಧ ಕತ್ತರಿಸಿತ್ತು. ಕಡೆಯ ಮನೆ ನಮ್ಮದೇ! ಕಾರಣ ನಾನು ಲೆಕ್ಕ ಹಾಕಿ ಹೇಳಿದೆ. ಸುನೀಲ್‌ಕುಮಾರ್ ಅವರದು ದೊಡ್ಡ ಸೆನ್ಸರಿನ, ಅಂದರೆ ಒಳಗೆ ಚಿತ್ರ ಬೀಳುವ ಹಲಗೆ ದೊಡ್ಡದಿರುವ ಕ್ಯಾಮೆರಾ, ಅದರಲ್ಲಿ ಹದಿನಾಲ್ಕು ಹದಿನಾಲ್ಕೇ. ಇವನದು ಚಿಕ್ಕ ಸೆನ್ಸರು, ಅದೇ ಲೆನ್ಸು ಇದರಲ್ಲಿ ಇಪ್ಪತ್ತೆರಡರಷ್ಟೇ ಅಗಲ ನೋಡುತ್ತದೆ. ಇವನಿಗೆ ಹತ್ತರದ್ದೇ ಬೇಕು.

ಹತ್ತರಿಂದ ಹದಿನೆಂಟಕ್ಕೆ ತಿರುಗುವ ಒಂದು ಲೆನ್ಸು ಗೌರಿಬಿದನೂರಿನಲ್ಲಿ ಸಿಕ್ಕಿತು. ಕಾಲೇಜು ಹುಡುಗಿಯೊಬ್ಬಳು ಹೊಸ ಕ್ಯಾಮೆರಾ ಕೊಂಡು ಹಳೆಯದರ ಲೆನ್ಸನ್ನು ಮಾರಲಿಟ್ಟಿದ್ದಳು. ಪ್ಲಾಸ್ಟಿಕ್ಕಿನದು, ಮಕ್ಕಳ ಆಟದ ಸಾಮಾನಿನಷ್ಟು ಹಗುರ. ಇವನು ಟಾರ್ಚು ಬಿಟ್ಟು ಒಳಗೆ ಬೂಷ್ಟು ಕಟ್ಟಿದೆಯೇ ನೋಡಿದ, ತಿರುಗಿಸಿ ನೋಡಿದ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿಯೂ ನೋಡಿದ. ಎಲ್ಲ ಸರಿಯಿತ್ತು. ಆದರೂ ಅನುಮಾನ. "ಇದು ಬೆಳಕು ಜಾಸ್ತಿ ಕೇಳ್ತದೆ ಅಕ್ಕ. ಕತ್ತಲಲ್ಲಿ ಆಗಲ್ಲ." ನನಗೆ ತಡೆಯಲಾಗಲಿಲ್ಲ. "ನಮ್ಮ ಸೀಮೇಲಿ ನೀರಿಗೆ ಬರ ಬಂದಿರ್ಬೋದು, ಬಿಸಿಲಿಗೆ ಯಾವತ್ತಾದ್ರೂ ಬಂದಿದ್ಯೇನೋ? ಪುಕ್ಕಟೆ ಸಿಗೋ ಬೆಳಕಿಗೆ ಯಾಕೆ ದುಡ್ಡು ಕೊಡ್ತೀಯ? ಸ್ಟ್ಯಾಂಡಿನ ಮೇಲಿಟ್ಟು ತೆಗಿ!" ಆ ಹುಡುಗಿ ಕೂಡ "ಅಕ್ಕ ಹೇಳೋದು ಕರೆಕ್ಟ್" ಅಂದಳು. ತೆಗೆದುಕೊಂಡು ಬಂದೆವು. ಅಮ್ಮ ಬುದ್ಧನ ಫೋಟೋ ಮುಂದೆ ಅದನ್ನಿಟ್ಟು, ಕುಂಕುಮದ ಬೆರಳು ನೇರ ಗಾಜಿಗೇ ತಂದಳು. "ಅಯ್ಯೋ ಅಮ್ಮಾ, ಗಾಜಿಗಲ್ಲ!" ಎಂದು ಮಾತೇ ಆಡದ ನನ್ನ ತಮ್ಮ ಕೂಗಿದ್ದು ಬೀದಿಗೆಲ್ಲ ಕೇಳಿಸಿತು. ಕುಂಕುಮ ಮುಚ್ಚಳಕ್ಕೆ ಬಿತ್ತು, ಈಗಲೂ ಇದೆ.

ಯುಗಾದಿಯ ಮಾರನೇ ದಿನ, ವರ್ಷತೊಡಕಿನ ಬೆಳಿಗ್ಗೆ ಎಂದು ಗೊತ್ತು ಮಾಡಿದರು. ಅವತ್ತು ಬಾಡೂಟ ಬಿಟ್ಟು ಯಾರೂ ಊರು ದಾಟುವುದಿಲ್ಲ. ಕೆಂಪರಾಜು ಹಿಂದಿನ ದಿನವೇ ಮನೆಮನೆಗೆ ಹೋಗಿ, ಎಲ್ಲರೂ ಅವರವರ ಬಾಗಿಲಲ್ಲಿ ನಿಲ್ಲಬೇಕೆಂದು ಹೇಳಿದ್ದ. ಮಾಜಿ ಅಧ್ಯಕ್ಷ ಗಂಗುಲಪ್ಪನವರಿಗೆ ಮಾತ್ರ ಇನ್ನೊಂದು ಮಾತು ಹೇಳಿದ. "ಸಾರ್, ಈ ಲೆನ್ಸಲ್ಲಿ ಹತ್ರ ಇರೋದು ದೊಡ್ಡದಾಗಿ, ದೂರದ್ದು ಚಿಕ್ಕದಾಗಿ ಬರ್ತದೆ. ನೀವು ಹಿರಿಯರು ಸ್ವಲ್ಪ ಮುಂದಕ್ಕೆ, ಬೇವಿನ ಮರದ ಹತ್ರಕ್ಕೆ ಬಂದು ನಿಂತ್ಕೊಂಡ್ರೆ ಚೆನ್ನಾಗಿರ್ತದೆ."

"ಏನಯ್ಯ, ನಾವು ಬಂದು ಮೂಲೇಲಿ ನಿಂತ್ಕೊಳದಾ? ದೊಡ್ಡೋರು ಮಧ್ಯದಲ್ಲಿರ್ಬೇಕು" ಎಂದುಬಿಟ್ಟರು ಅವರು. ನಮ್ಮ ಕಡೆ ಮದುವೆ ಮನೆಯಾಗಲಿ ಮೀಟಿಂಗಾಗಲಿ, ಮರ್ಯಾದೆ ಅಂದರೆ ನಟ್ಟನಡುವಿನ ಕುರ್ಚಿ. ಅರಳಿಕಟ್ಟೆಯ ಮೇಲೆ ಕುರ್ಚಿ ಹಾಕಿಸಿ, ಗರಿಗರಿ ಪಂಚೆಯುಟ್ಟು, ಹಿರಿಯರೆಲ್ಲ ಸಾಲಾಗಿ ಕೂತರು. ಕಾಲೊನಿಯವರು ಎಂದಿನಂತೆ ಅಂಚಿನಲ್ಲಿ, ನಮ್ಮ ನಮ್ಮ ಬಾಗಿಲಲ್ಲಿ ನಿಂತೆವು.

ಅಷ್ಟರಲ್ಲಿ ಕೋಲೂರಿಕೊಂಡು ಅಮ್ಮಾಜಮ್ಮ ಬಂದರು. ಗಂಗುಲಪ್ಪನವರ ತಾಯಿ. ಅಮ್ಮ ಅವರ ಹಿಪ್ಪುನೇರಳೆ ತೋಟಕ್ಕೆ ಸೊಪ್ಪು ಕೊಯ್ಯಲು ಹೋಗುತ್ತಿದ್ದ ಕಾಲದಿಂದ ಇಬ್ಬರಿಗೂ ಎಲೆಅಡಿಕೆ ಸ್ನೇಹ. ಅವರಿಗೆ ಕನ್ನಡದ ನಡುವೆ ತೆಲುಗು, ತೆಲುಗಿನ ನಡುವೆ ಬೈಗುಳ. "ಅಬ್ಬೋ, ಆ ಕಟ್ಟೆ ಮೇಲೆ ಏಂ ಎಂಡರಾ! ಬಿಸಿಲಲ್ಲಿ ನನ್ ತಲೆ ಸೀದೋಗ್ತದೆ. ನಾನು ಪೆದ್ದಮ್ಮನ ಹತ್ರಾನೇ ಕುಂತ್ಕೋತೀನಿ" ಎಂದು ನಮ್ಮ ಜಗುಲಿ ಮೇಲೆ ಕೂತೇಬಿಟ್ಟರು. ಅಮ್ಮ ಏನೋ ಅಂದಳು, ಅವರು ಬಾಯ್ತುಂಬ ನಕ್ಕರು. ಗುಂಡಿನ ಮೇಲಿಂದ ಕೆಂಪರಾಜು ಕೈಯೆತ್ತಿದ. ಇಡೀ ಊರು ತಲೆಯೆತ್ತಿ ಅವನತ್ತ ನೋಡಿತು.

ಫೋಟೋ ದೊಡ್ಡದಾಗಿ ಪ್ರಿಂಟಾಗಿ ಬಂತು. ಉದ್ಘಾಟನೆಯ ಹಿಂದಿನ ದಿನ ಹೊಸ ಕಚೇರಿಯ ಮೇಜಿನ ಮೇಲೆ ಬಿಚ್ಚಿದಾಗ ನಾನೂ ಇದ್ದೆ. ಬೆಟ್ಟ ಇತ್ತು, ದೇವಸ್ಥಾನ ಇತ್ತು, ಬೇವಿನ ಮರ ನಡುವಿಗೆ ಸರಿದಿತ್ತು. ಎಡಗಡೆ ನಮ್ಮ ಕಾಲೊನಿ, ಬಾಗಿಲಿಗೊಂದು ಮುಖ, ಹಲ್ಲು ಎಣಿಸಬಹುದು. ಗಂಗುಲಪ್ಪನವರು ಕನ್ನಡಕ ಏರಿಸಿ ಬಹಳ ಹೊತ್ತು ಹುಡುಕಿದರು. "ನಾವೆಲ್ಲಿದೀವಯ್ಯ?" ಕೆಂಪರಾಜು ತೋರಿಸಿದ. ಅರಳಿಕಟ್ಟೆಯ ಮೇಲೆ ರಾಗಿಕಾಳು ಚೆಲ್ಲಿದ ಹಾಗೆ ಹಿರಿಯರು ಕೂತಿದ್ದರು.

"ಇದು ಊರಿನ ಫೋಟೋನಾ, ನಿಮ್ಮ ಕಾಲೊನಿ ಫೋಟೋನಾ?" ಎಂದರು. ಆಮೇಲೆ ದನಿ ತಗ್ಗಿಸಿ, "ಹೋಗ್ಲಿ, ಈ ಎಡಗಡೇದು ಒಂದಷ್ಟು ಕತ್ತರಿಸ್ಬಿಡು. ಮಿಕ್ಕಿದ್ದು ದೊಡ್ಡದು ಮಾಡು" ಎಂದರು.

ವೆಂಕಟರತ್ನಮ್ಮ ನೆಲ ನೋಡಿದರು. ಮತ್ತೆ ಬೇವಿನ ಮರಕ್ಕೇ? ನಾನು ಬಾಯಿ ತೆರೆಯುವಷ್ಟರಲ್ಲಿ ಕೆಂಪರಾಜು ನನ್ನ ಕೈ ಅದುಮಿದ. ಮೇಜಿನ ಮೇಲಿದ್ದ ಸ್ಕೇಲು ತೆಗೆದು ಅವರ ಮುಂದಿಟ್ಟ. "ಎಲ್ಲಿಗೆ ಕತ್ತರಿಸ್ಬೇಕು, ನೀವೇ ಇಟ್ಟು ತೋರ್ಸಿ ಸಾರ್."

ಗಂಗುಲಪ್ಪನವರು ಸ್ಕೇಲನ್ನು ಬೇವಿನ ಮರದ ಪಕ್ಕ ನಿಲ್ಲಿಸಿದರು. ಏನೇನು ಹೋಗುತ್ತದೆ ಎಂದು ಅದರ ಎಡಗಡೆಗೆ ಕಣ್ಣಾಡಿಸಿದರು. ಕಡೆಯ ಮನೆಯ ಜಗುಲಿಗೆ ಬಂದಾಗ ಅವರ ಕಣ್ಣು ಅಲ್ಲೇ ನಿಂತಿತು. ಅಲ್ಲಿ ಅಂಗೈಯಷ್ಟು ದೊಡ್ಡದಾಗಿ ಅಮ್ಮಾಜಮ್ಮ ಕೂತಿದ್ದರು. ಪಕ್ಕದಲ್ಲಿ ನಮ್ಮಮ್ಮ, ಇಬ್ಬರ ನಡುವೆ ಎಲೆಅಡಿಕೆ ಚೀಲ.

"ನಮ್ಮಮ್ಮ" ಅಂದರು. ಇನ್ನಷ್ಟು ಬಗ್ಗಿ ನೋಡಿ, "ನಗ್ತಾ ಅವ್ಳೆ. ನಮ್ಮ ಮನೇಲಿರೋ ಒಂದು ಫೋಟೋದಲ್ಲೂ ನಕ್ಕಿಲ್ಲ" ಅಂದರು. ಅವರು ಸ್ಕೇಲನ್ನು ವಾಪಸ್ಸು ಮೇಜಿನ ಮೇಲಿಟ್ಟು, ಕನ್ನಡಕ ಜೇಬಿಗೆ ಹಾಕಿಕೊಂಡು, "ಹಂಗೇ ತೂಗಾಕ್ರಪ್ಪ" ಎಂದು ಎದ್ದು ಹೋದರು.

ಉದ್ಘಾಟನೆಯ ದಿನ ಅಮ್ಮ ಹೊಸ ಸೀರೆಯುಟ್ಟು ಬಂದಳು. ಭಾಷಣಗಳೆಲ್ಲ ಮುಗಿದು ಜನ ಕೇಸರಿಬಾತಿನ ಕಡೆ ಹೋದಮೇಲೆ ಗೋಡೆಯ ಮುಂದೆ ಕುರ್ಚಿ ಎಳೆದುಕೊಂಡು ಕೂತಳು. ಮೊದಲು ನಮ್ಮ ಬಾಗಿಲು ನೋಡಿದಳು, ತನ್ನನ್ನು ನೋಡಿಕೊಂಡಳು, ಆಮೇಲೆ ಒಂದೊಂದೇ ಮನೆ ದಾಟುತ್ತಾ ಬೆಟ್ಟದವರೆಗೂ ಹೋಗಿ ಬಂದಳು. ನನಗೆ ಕಣ್ಣು ತುಂಬಿ ಬಂತು, ಹೆಮ್ಮೆಗೆ, ಇನ್ಯಾತಕ್ಕೂ ಅಲ್ಲ. ಕೆಂಪರಾಜು ಬಾಗಿಲ ಹತ್ತಿರ ಕಾಗದದ ತಟ್ಟೆ ಹಿಡಿದು ನಿಂತಿದ್ದ.

"ಎಲ್ಲಾ ಅವ್ರೆ ಕಣಮ್ಮ" ಅಂದೆ ನಾನು. "ಇವನೊಬ್ಬ ಇಲ್ಲ ನೋಡು. ಊರಿಗೆಲ್ಲ ಜಾಗ ಮಾಡ್ಕೊಟ್ಟೋನೇ ಫೋಟೋದಾಗಿಲ್ಲ."

ಅಮ್ಮ ನನ್ನ ಕಡೆ ತಿರುಗಲಿಲ್ಲ. "ಓದಿದೋಳು ನೀನು, ಸರ್ಯಾಗಿ ನೋಡೇ" ಅಂದಳು. "ಗಂಗುಲಪ್ಪನಿಂದ ಹಿಡ್ದು ಅಮ್ಮಾಜಮ್ಮನ ಗಂಟ, ಇಡೀ ಊರು ಯಾರನ್ನ ನೋಡ್ತೈತೆ?"