ನಮ್ಮಿಬ್ಬರ ತಲೆಯ ಚಿತ್ರ

ಅಕ್ಕ ನನಗಿಂತ ಸ್ವಲ್ಪವೇ ಹೊತ್ತು ಮೊದಲು ಹುಟ್ಟಿದವಳು. ಒಂದೇ ಮುಖ, ಒಂದೇ ದನಿ. ಮುಂಡಗೋಡದ ಹತ್ತಿರದ ನಮ್ಮ ಹಳ್ಳಿಯಲ್ಲಿ ಸೋದರಮಾವಂದಿರೂ ನಮ್ಮನ್ನು ಅದಲುಬದಲಾಗಿ ಕರೆಯುತ್ತಿದ್ದರು. ಹೈಸ್ಕೂಲಿನಲ್ಲಿದ್ದಾಗ ಅಕ್ಕನಿಗೆ ಫಿಟ್ಸ್ ಶುರುವಾಯಿತು. ಒಮ್ಮೆ ಬಿದ್ದು ಹುಬ್ಬಿನ ಮೇಲೆ ಗಾಯವಾದ ಮೇಲೆ ಯಾರೂ ತಪ್ಪಿ ಕರೆಯಲಿಲ್ಲ.

ನನಗೆ ವರ ನೋಡತೊಡಗಿದಾಗ ಹಳಿಯಾಳದಿಂದ ಬಂದವರು ಚಹಾ ಕುಡಿದು, ಹೊರಡುವ ಮುಂದೆ ಅವ್ವನನ್ನು ಕೇಳಿದರು: "ಜೋಡಿ ಹುಟ್ಟ್ಯಾರಂತ. ಆಕಿಗೆ ಬಂದದ್ದು ಈಕಿಗೂ ಬರೂದಿಲ್ಲಂತ ಹೆಂಗ ನಂಬೂದ್ರಿ?"

ಅಂದಿನಿಂದ ನನ್ನ ಮೈಮೇಲೆ ನನಗೇ ನಂಬಿಕೆ ಹೋಯಿತು. ರೆಪ್ಪೆ ಹಾರಿದರೂ, ಬೆರಳು ಜುಮ್ಮೆಂದರೂ ಕೈಯಲ್ಲಿದ್ದದ್ದನ್ನು ಇಟ್ಟು ನೆಲಕ್ಕೆ ಕೂತುಬಿಡುತ್ತಿದ್ದೆ. ಬಾವಿಯ ಹತ್ತಿರ ಹೋಗುವುದನ್ನೇ ಬಿಟ್ಟೆ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಹುಬ್ಬಳ್ಳಿಯಲ್ಲಿ ಅಕ್ಕನಿಗೆ ಔಷಧ ಕೊಡುತ್ತಿದ್ದ ಡಾಕ್ಟರಮ್ಮ, ನಮ್ಮ ಕಡೆಯ ಮಾತಿನಲ್ಲಿ ಡಾಕ್ಟರ್ ಬಾಯಿ, ಮೆದುಳಿನ ಬಗ್ಗೆ ಸಂಶೋಧನೆ ಮಾಡುತ್ತಿದ್ದರು. ನಮ್ಮಿಬ್ಬರದೂ ಎಂಆರ್‌ಐ ತೆಗೆಯಬೇಕೆಂದರು.

"ಈಕಿಗ್ಯಾಕ್ರಿ ಬಾಯಾರ? ಈಕಿ ಚಲೋ ಅದಾಳಲ್ಲ," ಎಂದಳು ಅವ್ವ.

"ಅದಕ್ಕಽ ಬೇಕ್ರಿ. ಮಂದಿದೆಲ್ಲಾ ಕೂಡಿಸಿ ಸರಾಸರಿ ನೋಡೂದು ಬ್ಯಾರೆ. ನಾ ಒಬ್ಬೊಬ್ಬರ ಮೆದುಳಿನ್ಯಾಗ ಈ ಭಾಗ, ಆ ಭಾಗ ಎಷ್ಟು ದಪ್ಪ ಅದಾವ, ಒಂದಕ್ಕೊಂದು ಎಷ್ಟು ಹೋಲ್ತಾವ ಅಂತ ಅಳೀತೇನಿ. ಫಿಟ್ಸ್ ಇದ್ದಾಕಿದೂ ಇಲ್ಲದಾಕಿದೂ ಬಾಜೂಕ ಇಟ್ಟು ನೋಡಬೇಕ್ರಿ."

ಅಕ್ಕ ಮೊದಲು ಹೋದಳು. ಒಳಗೇ ನಿದ್ದೆ ಮಾಡಿ, ಆಕಳಿಸುತ್ತ ಹೊರಬಂದಳು. ನನ್ನದು ಹಾಗಾಗಲಿಲ್ಲ. ಯಂತ್ರ ದಡದಡ ಬಡಿಯತೊಡಗಿದ್ದೇ ಕಾಲು ತಾನಾಗಿ ಕುಣಿಯಿತು. "ಅಲುಗಾಡಬ್ಯಾಡ್ರಿ, ಚಿತ್ರ ಮಸುಕು ಬರ್ತೈತಿ," ಎಂದು ಹೊರಗಿನಿಂದ ಕೂಗಿದರು. ಮತ್ತೆ ಶುರು ಮಾಡಿದರು, ಮತ್ತೆ ಅಲುಗಾಡಿದೆ. ಕೊನೆಗೆ, ಬೇಕಾದರೆ ಕರೆಯಲೆಂದು ಕೈಗೆ ಕೊಟ್ಟಿದ್ದ ಗುಂಡಿ ಒತ್ತಿ ಹೊರಗೆ ಬಂದೆ.

"ನಾ ಒಲ್ಲೆ. ಒಳಗ ಏನರ ಕಂಡ್ರ?"

"ಕಂಡ್ರ ಕಾಣ್ಲಿ," ಎಂದಳು ಅಕ್ಕ. "ನನ್ನ ತಲ್ಯಾಗ ಐತಲ್ಲ, ನಾ ಉಣ್ಣಾಕತ್ತಿಲ್ಲೇನ? ನಿನ್ನ ಜೋಡಿ ಜಗಳಾ ಆಡಾಕತ್ತಿಲ್ಲೇನ?"

ಡಾಕ್ಟರ್ ಬಾಯಿಯನ್ನು ಕೇಳಿ ಅವಳೂ ಒಳಗೆ ಬಂದಳು. ಯಂತ್ರದ ಆಚೆ ತುದಿಯಲ್ಲಿ ನಿಂತು ನನ್ನ ಪಾದ ಹಿಡಿದುಕೊಂಡಳು. ಕಾಲು ಕುಣಿಯುವುದು ನಿಂತಿತು. ಚಿತ್ರ ಬಂತು.

ಕೆಲವು ತಿಂಗಳ ನಂತರ ಔಷಧಕ್ಕೆ ಹೋದಾಗ ಡಾಕ್ಟರ್ ಬಾಯಿ ಕಂಪ್ಯೂಟರಿನಲ್ಲಿ ಬಣ್ಣದ ಚೌಕಗಳ ಎರಡು ಚಿತ್ರ, ಅಕ್ಕನದೊಂದು ನನ್ನದೊಂದು, ತೋರಿಸಿದರು. ಮೆದುಳಿನ ಯಾವ ಭಾಗ ಯಾವುದಕ್ಕೆ ಹೋಲುತ್ತದೆ ಎಂಬುದನ್ನು ಆ ಬಣ್ಣಗಳು ಹೇಳುತ್ತವಂತೆ. ಬಹಳ ಕಡೆ ಎರಡೂ ಒಂದೇ ಥರ ಕಂಡವು. ಕೆಲವು ಕಡೆ ಬೇರೆಯಾಗಿದ್ದವು.

"ಹಂಗಾರ ಸಣ್ಣಾಕಿಗೆ ಬರೂದಿಲ್ಲಂತ ಬರದು ಕೊಡ್ರಿ," ಎಂದಳು ಅವ್ವ.

"ಅಷ್ಟು ಹೇಳಾಕ ಇದರಿಂದ ಆಗೂದಿಲ್ರಿ ಅವ್ವಾರ. ಬರತೈತಿ ಅಂತನೂ ಹೇಳಾಕಾಗೂದಿಲ್ಲ, ಬರೂದಿಲ್ಲ ಅಂತನೂ ಆಗೂದಿಲ್ಲ."

ಬರುತ್ತದೋ ಇಲ್ಲವೋ ಎಂದು ಡಾಕ್ಟರರಿಗೇ ಹೇಳಲಾಗದ್ದನ್ನು ಮುಚ್ಚಿಟ್ಟುಕೊಂಡು ಎಷ್ಟು ದಿನ ಕೂಡುವುದು? ಮುಂದಿನ ಸಲ ನೋಡಲು ಬಂದವರ ಎದುರು ಅಕ್ಕನನ್ನು ಪಕ್ಕಕ್ಕೆ ಕೂರಿಸಿಕೊಂಡು ನಾನೇ ಎಲ್ಲ ಹೇಳಿದೆ. ಅವರು ತಿಳಿಸುತ್ತೇವೆಂದು ಹೋದರು, ತಿಳಿಸಲಿಲ್ಲ. ಅವ್ವ ನನ್ನನ್ನು ಬೈದಳು.

ಆಮೇಲೆ ದಾಂಡೇಲಿಯಿಂದ ಲಾರಿ ರಿಪೇರಿ ಮಾಡುವ ಒಬ್ಬರು ನನ್ನನ್ನು ನೋಡಲು ಬಂದರು. ಎಲ್ಲ ಕೇಳಿಸಿಕೊಂಡು ಅಕ್ಕನ ಕಡೆ ತಿರುಗಿದರು.

"ಫಿಟ್ಸ್ ಬಂದಾಗ ಬಾಜೂಕ ಇದ್ದವರು ಏನ್ ಮಾಡಬೇಕ್ರಿ?"

"ಒಂದು ಮಗ್ಗಲಾ ಮಲಗಸ್ರಿ. ಬಾಯಾಗ ಏನೂ ತುರಕಬ್ಯಾಡ್ರಿ. ಗದ್ದಲಾ ಮಾಡಬ್ಯಾಡ್ರಿ," ಎಂದಳು ಅಕ್ಕ.

ಅವರು ತಲೆಯಾಡಿಸಿ, ಇನ್ನೊಂದು ಸಲ ಹೇಳಿಸಿಕೊಂಡರು. ಆ ವರ್ಷವೇ ಅವರಿಗೂ ನನಗೂ ಮದುವೆಯಾಯಿತು.